ಮಂಚ ಬಿಟ್ಟು ನೆಲದಲ್ಲಿ ಮಲಗಿದ ಬ್ರಿಗೇಡಿಯರ್

ಶಾಲೆಯಿಂದ ಬಂದ ಮಗ ಚೀಲವನ್ನು ಮೂಲೆಗೆ ಎಸೆದು, ಚಹಾ ಕುಡಿಯುವ ಮೊದಲೇ ಕೇಳುತ್ತಾನೆ: "ಉಮ್ಮಾ, ನಮ್ಮವರು ಯಾರಾದರೂ ದೇಶಕ್ಕಾಗಿ ಯುದ್ಧ ಮಾಡಿದ್ದಾರಾ?" ತರಗತಿಯಲ್ಲಿ ಯಾರೋ ಏನೋ ಅಂದಿರುತ್ತಾರೆ. ಅದು ಅವನ ಮನಸ್ಸಿಗೆ ನಾಟಿರುತ್ತದೆ.

ಸಹೋದರಿ, ಇಂತಹ ಒಂದು ಸಂಜೆ ನಿಮ್ಮ ಮನೆಯಲ್ಲೂ ಬಂದಿರಬಹುದು. ಆಗ ನಮ್ಮಲ್ಲಿ ಹೆಚ್ಚಿನವರು ಟಿಪ್ಪು ಸುಲ್ತಾನರ ಹೆಸರು ಹೇಳುತ್ತೇವೆ. 1965ರ ಯುದ್ಧದಲ್ಲಿ ಹುತಾತ್ಮರಾದ ಅಬ್ದುಲ್ ಹಮೀದರ ಹೆಸರೂ ಕೆಲವರಿಗೆ ಗೊತ್ತು. ಆದರೆ ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲೇ ಪ್ರಾಣ ಕೊಟ್ಟ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನರ ಬಗ್ಗೆ ಎಷ್ಟು ಮನೆಗಳಲ್ಲಿ ಮಾತಾಗಿದೆ? ಇಂದು ಅವರ ಬದುಕನ್ನು ಸ್ವಲ್ಪ ತಿಳಿದುಕೊಳ್ಳೋಣ.

ತೊದಲು ಮಾತಿನ ಹುಡುಗ

ಉತ್ತರ ಪ್ರದೇಶದ ಮವೂ ಪಟ್ಟಣದ ಹತ್ತಿರ ಬೀಬೀಪುರ ಎಂಬ ಊರಿದೆ. ಅಲ್ಲಿ 1912ರ ಜುಲೈ 15ರಂದು ಉಸ್ಮಾನ್ ಹುಟ್ಟಿದರು. ತಂದೆ ಮುಹಮ್ಮದ್ ಫಾರೂಕ್ ಬನಾರಸಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. ಹುಡುಗನ ಶಿಕ್ಷಣವೂ ಬನಾರಸಿನಲ್ಲೇ ನಡೆಯಿತು. ಹನ್ನೆರಡರ ವಯಸ್ಸಿನಲ್ಲಿ, ಬಾವಿಗೆ ಬಿದ್ದ ಒಂದು ಮಗುವನ್ನು ಉಳಿಸಲು ಹಿಂದೆಮುಂದೆ ನೋಡದೆ ತಾನೂ ಬಾವಿಗೆ ಹಾರಿದ ಬಾಲಕ ಇವರು.

ಉಸ್ಮಾನರಿಗೆ ಮಾತು ತೊದಲುತ್ತಿತ್ತು. ಈ ಬಗ್ಗೆ ಒಂದು ಘಟನೆಯನ್ನು ಹೇಳುತ್ತಾರೆ. ಮಗನೂ ಪೊಲೀಸ್ ಇಲಾಖೆ ಸೇರಲಿ ಎಂದು ತಂದೆ ಅವನನ್ನು ತನ್ನ ಮೇಲಧಿಕಾರಿಯ ಬಳಿಗೆ ಕರೆದೊಯ್ದರಂತೆ. ಆ ಆಂಗ್ಲ ಅಧಿಕಾರಿಗೂ ತೊದಲುವ ತೊಂದರೆ ಇತ್ತು. ಉಸ್ಮಾನ್ ತೊದಲುತ್ತಾ ಉತ್ತರಿಸಿದಾಗ, ಹುಡುಗ ತನ್ನನ್ನೇ ಅಣಕಿಸುತ್ತಿದ್ದಾನೆಂದು ತಿಳಿದು ಆತ ಸಿಟ್ಟಾದರು. ಪೊಲೀಸ್ ಕೆಲಸದ ದಾರಿ ಅಲ್ಲಿಗೇ ಮುಚ್ಚಿತು. ಆದರೆ ಅಲ್ಲಾಹನು ಒಂದು ಬಾಗಿಲು ಮುಚ್ಚಿದರೆ ಇನ್ನೊಂದನ್ನು ತೆರೆಯುತ್ತಾನಲ್ಲವೇ? 1932ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದ ಬೆರಳೆಣಿಕೆಯ ಭಾರತೀಯ ಯುವಕರಲ್ಲಿ ಉಸ್ಮಾನ್ ಒಬ್ಬರಾದರು. ಮಾತು ತಡವರಿಸುವ ಮಗುವನ್ನು ಕಂಡು ಕೊರಗುವ ತಾಯಂದಿರು ಈ ಮಾತನ್ನು ನೆನಪಿಡಬೇಕು.

1935ರಲ್ಲಿ ಅವರು ಬಲೂಚ್ ರೆಜಿಮೆಂಟ್ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಅವರ ಸೇವೆಯನ್ನು ಯುದ್ಧದ ಅಧಿಕೃತ ವರದಿಯಲ್ಲಿ ಹೆಸರಿಸಿ ಮೆಚ್ಚಲಾಯಿತು.

ಎರಡು ದಾರಿಗಳ ನಡುವೆ

1947ರಲ್ಲಿ ದೇಶ ಒಡೆಯಿತು. ಮನೆ, ಬಂಧುಗಳ ಜೊತೆಗೆ ಸೈನ್ಯವೂ ಹಂಚಿಕೆಯಾಯಿತು. ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಹನ್ನೆರಡು ವರ್ಷ ಜೊತೆಗೆ ಉಂಡು, ಜೊತೆಗೆ ಹೋರಾಡಿದ ಸಂಗಾತಿಗಳು ಆ ಕಡೆಗೆ ಹೊರಟರು. ಹಿರಿಯ ಮುಸ್ಲಿಂ ಅಧಿಕಾರಿಯಾದ ಉಸ್ಮಾನರೂ ಬಂದೇ ಬರುತ್ತಾರೆಂದು ಎಲ್ಲರೂ ತಿಳಿದಿದ್ದರು. ಜಿನ್ನಾ ಮತ್ತು ಲಿಯಾಕತ್ ಅಲಿ ಖಾನ್ ಅವರಿಗೆ ಮುಂದೆ ಸೇನಾ ಮುಖ್ಯಸ್ಥನ ಹುದ್ದೆಯ ಆಸೆ ತೋರಿಸಿದ್ದರೆಂದೂ ಹೇಳಲಾಗುತ್ತದೆ. ಉಸ್ಮಾನ್ ಹೋಗಲಿಲ್ಲ. ತಾನು ಹುಟ್ಟಿದ ಮಣ್ಣಿನಲ್ಲೇ ಉಳಿದರು. ಅವರನ್ನು ಡೋಗ್ರಾ ರೆಜಿಮೆಂಟಿಗೆ ವರ್ಗಾಯಿಸಲಾಯಿತು.

ಆ ದಿನಗಳಲ್ಲಿ ಇದು ಸುಲಭದ ತೀರ್ಮಾನವಾಗಿರಲಿಲ್ಲ. ಎರಡೂ ಕಡೆ ರಕ್ತ ಹರಿಯುತ್ತಿತ್ತು. ಯಾರನ್ನು ಕಂಡರೂ ಸಂಶಯಪಡುವ ಕಾಲ ಅದು. ತನ್ನ ಕೈಕೆಳಗಿನ ಸೈನಿಕರ ಕಣ್ಣುಗಳಲ್ಲಿಯೂ ಆ ಸಂಶಯವನ್ನು ಉಸ್ಮಾನ್ ಕಂಡಿರಬೇಕು. ಅದಕ್ಕೆ ಅವರು ಭಾಷಣದಿಂದ ಉತ್ತರಿಸಲಿಲ್ಲ, ನಡತೆಯಿಂದ ಉತ್ತರಿಸಿದರು.

ಝಂಗರ್ ಕೈತಪ್ಪಿದ ದಿನ

1947ರ ಅಕ್ಟೋಬರಿನಲ್ಲಿ ಬುಡಕಟ್ಟು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದರು. ಜಮ್ಮು ಭಾಗದ ನೌಶೇರಾ ಮತ್ತು ಝಂಗರ್ ಪ್ರದೇಶದ ರಕ್ಷಣೆ 50ನೇ ಪ್ಯಾರಾ ಬ್ರಿಗೇಡಿನ ಹೊಣೆಯಾಗಿತ್ತು. ಆ ಬ್ರಿಗೇಡಿನ ನಾಯಕತ್ವ ಉಸ್ಮಾನರಿಗೆ ಬಂತು. ಮೀರ್‌ಪುರ ಮತ್ತು ಕೋಟ್ಲಿಯಿಂದ ಬರುವ ರಸ್ತೆಗಳು ಕೂಡುವ ಜಾಗ ಝಂಗರ್. 1947ರ ಡಿಸೆಂಬರ್ 25ರಂದು ಅದು ಎದುರಾಳಿಗಳ ವಶವಾಯಿತು.

ಅಂದು ಉಸ್ಮಾನ್ ಒಂದು ಶಪಥ ಮಾಡಿದರು: ಝಂಗರನ್ನು ಮರಳಿ ಪಡೆಯುವ ತನಕ ಮಂಚದ ಮೇಲೆ ಮಲಗುವುದಿಲ್ಲ. ಆ ಬೆಟ್ಟಸೀಮೆಯ ಡಿಸೆಂಬರ್, ಜನವರಿಯ ಚಳಿಯನ್ನು ಊಹಿಸಿಕೊಳ್ಳಿ. ಬ್ರಿಗೇಡಿಯರ್ ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು.

1948ರ ಜನವರಿಯಲ್ಲಿ ನಮ್ಮ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಆ ಭಾಗದ ಸೇನಾ ಕಮಾಂಡರ್ ಆದರು. ನೌಶೇರಾಕ್ಕೆ ಬಂದ ಅವರು ಉಸ್ಮಾನರಲ್ಲಿ ಒಂದು ಉಡುಗೊರೆ ಕೇಳಿದರು. ನೌಶೇರಾವನ್ನು ಮೇಲಿನಿಂದ ಹಿಡಿತದಲ್ಲಿಟ್ಟುಕೊಂಡಿದ್ದ ಕೋಟ್ ಎಂಬ ಎತ್ತರದ ನೆಲೆಯೇ ಆ ಉಡುಗೊರೆ. ಫೆಬ್ರವರಿ 1ರಂದು ಉಸ್ಮಾನ್ ಅದನ್ನು ಗೆದ್ದುಕೊಟ್ಟರು. ಆ ಕಾರ್ಯಾಚರಣೆಗೆ ಇಟ್ಟಿದ್ದ ಹೆಸರು 'ಕಿಪ್ಪರ್'. ಅದು ಕಾರ್ಯಪ್ಪನವರ ಅಡ್ಡಹೆಸರು.

ಐದು ದಿನ ಕಳೆದು, ಫೆಬ್ರವರಿ 6ರ ಮುಂಜಾವಿನಲ್ಲಿ ಸಾವಿರಾರು ಮಂದಿ ನೌಶೇರಾದ ಮೇಲೆ ಬಿದ್ದರು. ತೈನ್‌ಧಾರ್ ಎಂಬ ಕಾವಲು ನೆಲೆಯ ಒಂದು ಠಾಣೆಯಲ್ಲಿದ್ದ 27 ಸೈನಿಕರಲ್ಲಿ 24 ಮಂದಿ ಸತ್ತರು ಅಥವಾ ಗಾಯಗೊಂಡರು. ರಜಪೂತ್ ರೆಜಿಮೆಂಟಿನ ಜದುನಾಥ್ ಸಿಂಗ್ ಏಕಾಂಗಿಯಾಗಿ ಹೋರಾಡಿ ಮಡಿದದ್ದು ಅಲ್ಲಿಯೇ. ಅವರಿಗೆ ಪರಮವೀರ ಚಕ್ರ ಸಿಕ್ಕಿತು. ನೌಶೇರಾ ಉಳಿಯಿತು. ಜನರು ಉಸ್ಮಾನರನ್ನು 'ನೌಶೇರಾದ ಸಿಂಹ' ಎಂದು ಕರೆಯತೊಡಗಿದರು. ಎದುರಾಳಿಗಳು ಅವರ ತಲೆಗೆ 50,000 ರೂಪಾಯಿ ಬಹುಮಾನ ಘೋಷಿಸಿದರು.

ಮಾರ್ಚ್ ತಿಂಗಳಲ್ಲಿ ಝಂಗರ್ ಮತ್ತೆ ಭಾರತೀಯ ಸೇನೆಯ ವಶವಾಯಿತು. ಈಗ ಬ್ರಿಗೇಡಿಯರ್ ಮಂಚದಲ್ಲಿ ಮಲಗಬಹುದಿತ್ತು. ಆದರೆ ಬ್ರಿಗೇಡಿನ ಠಾಣ್ಯದಲ್ಲಿ ಮಂಚವೇ ಇರಲಿಲ್ಲ! ಹತ್ತಿರದ ಹಳ್ಳಿಯಿಂದ ಒಂದು ಮಂಚವನ್ನು ಎರವಲು ತಂದರು. ಸುಮಾರು ಮೂರು ತಿಂಗಳ ನಂತರ ಉಸ್ಮಾನ್ ಮಂಚದ ಮೇಲೆ ಮಲಗಿದರು.

ಉಪವಾಸದ ಅನ್ನ

ಇಷ್ಟೇ ಆಗಿದ್ದರೆ ಇದು ಬರೀ ಯುದ್ಧದ ಕಥೆಯಾಗುತ್ತಿತ್ತು. ಉಸ್ಮಾನರ ಇನ್ನೊಂದು ಮುಖವನ್ನು ನೋಡಿ.

ನೌಶೇರಾದಲ್ಲಿ ಜನರಿಗೆ ಆಹಾರದ ಕೊರತೆಯಾದಾಗ, ಮಂಗಳವಾರ ಉಪವಾಸ ಇರುವಂತೆ ಅವರು ತನ್ನ ಸೈನಿಕರಿಗೆ ಹೇಳಿದರು. ಹಾಗೆ ಉಳಿದ ರೇಶನ್ ಊರಿನ ಜನರ ಪಾಲಾಯಿತು. ರಮಝಾನಿನಲ್ಲಿ ಹಸಿವು ನಮಗೆ ಕಲಿಸುವುದೂ ಇದನ್ನೇ ಅಲ್ಲವೇ? ಇನ್ನೊಬ್ಬರ ಹೊಟ್ಟೆಯ ನೆನಪಾಗದ ಉಪವಾಸದಿಂದ ಏನು ಪ್ರಯೋಜನ?

ಯುದ್ಧದಿಂದ ಅನಾಥರಾದ ಹುಡುಗರು ಅಲ್ಲಿ ಬಹಳಷ್ಟಿದ್ದರು. ಉಸ್ಮಾನ್ ಅವರನ್ನು ಸೇರಿಸಿ 'ಬಾಲಕ ಸೇನೆ' ಕಟ್ಟಿದರು. ಅವರಿಗೆ ಊಟ, ಪಾಠ, ತರಬೇತಿ ಸಿಗುವಂತೆ ಮಾಡಿದರು. ಕದನದ ವೇಳೆ ಆ ಹುಡುಗರು ಗುಂಡಿನ ನಡುವೆ ಸಂದೇಶಗಳನ್ನು ಒಯ್ದರು. ಅವರಲ್ಲಿ ಮೂವರಿಗೆ ಪ್ರಧಾನಿ ನೆಹರೂ ಚಿನ್ನದ ಗಡಿಯಾರ ಕೊಟ್ಟು ಗೌರವಿಸಿದರು. ಮಕ್ಕಳನ್ನು ಯುದ್ಧಭೂಮಿಗೆ ಇಳಿಸಿದ್ದನ್ನು ಇಂದು ತಾಯಿಯ ಮನಸ್ಸು ಒಪ್ಪಲಾರದು. ಒಪ್ಪಬೇಕಾಗಿಯೂ ಇಲ್ಲ. ಆದರೆ ದಿಕ್ಕಿಲ್ಲದ ಆ ಮಕ್ಕಳ ತಲೆ ಸವರಿದ ಕೈ ಅವರದೇ ಎಂಬುದನ್ನೂ ಮರೆಯಬಾರದು.

ಅವರು ಮದುವೆಯಾಗಲಿಲ್ಲ. ಮದ್ಯ ಮುಟ್ಟಲಿಲ್ಲ. ಕುಡಿತವೇ ಮರ್ಯಾದೆಯಾಗಿದ್ದ ಅಂದಿನ ಅಧಿಕಾರಿಗಳ ಮೆಸ್ಸಿನಲ್ಲಿ ಹಾಗಿರುವುದು ಸಣ್ಣ ಸಂಗತಿಯಲ್ಲ. ಸಂಬಳದ ದೊಡ್ಡ ಭಾಗ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಹೋಗುತ್ತಿತ್ತು.

ಕೊನೆಯ ಸಂಜೆ

1948ರ ಜುಲೈ 3ರ ಸಂಜೆ. ಝಂಗರಿನಲ್ಲಿ ಬ್ರಿಗೇಡಿನ ಠಾಣ್ಯದ ಮೇಲೆ ಫಿರಂಗಿ ದಾಳಿ ನಡೆಯಿತು. ಹತ್ತಿರದಲ್ಲೇ ಸಿಡಿದ ಶೆಲ್ ಉಸ್ಮಾನರ ಪ್ರಾಣ ತೆಗೆಯಿತು. ಅವರಿಗೆ 36 ತುಂಬಲು ಇನ್ನು ಹನ್ನೆರಡು ದಿನ ಇತ್ತು. ಆ ಯುದ್ಧದಲ್ಲಿ ಮಡಿದ ಭಾರತೀಯ ಅಧಿಕಾರಿಗಳಲ್ಲಿ ಅತ್ಯಂತ ಹಿರಿಯ ದರ್ಜೆಯವರು ಅವರೇ. ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು.

ದಿಲ್ಲಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಗವರ್ನರ್ ಜನರಲ್ ರಾಜಗೋಪಾಲಾಚಾರಿ, ಪ್ರಧಾನಿ ನೆಹರೂ, ಮೌಲಾನಾ ಆಝಾದ್, ಶೇಖ್ ಅಬ್ದುಲ್ಲಾ ಬಂದಿದ್ದರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕಬರಸ್ತಾನದಲ್ಲಿ ಅವರನ್ನು ದಫನ ಮಾಡಲಾಯಿತು. 2020ರ ಡಿಸೆಂಬರಿನಲ್ಲಿ ಆ ಗೋರಿ ಹಾನಿಗೊಂಡ ಸುದ್ದಿ ಬಂದಾಗ ಸೇನೆಯೇ ಅದನ್ನು ದುರಸ್ತಿ ಮಾಡಿತು.

ಮಗ ಇನ್ನೊಂದು ಪ್ರಶ್ನೆ ಕೇಳಿದರೆ?

"ಎದುರಿಗಿದ್ದವರೂ ಮುಸ್ಲಿಮರೇ ಅಲ್ಲವಾ ಉಮ್ಮಾ?" ಎಂದು ಮಗ ಕೇಳಬಹುದು. ಅವನನ್ನು ಗದರಿಸಬೇಡಿ. ಬಾರಾಮುಲ್ಲಾವನ್ನು ಲೂಟಿ ಮಾಡಿದ ದಾಳಿಕೋರರು, ತಮ್ಮನ್ನು ತಡೆದ ಮಕ್ಬೂಲ್ ಶೇರ್ವಾನಿ ಎಂಬ ಕಾಶ್ಮೀರಿ ಮುಸ್ಲಿಂ ಯುವಕನನ್ನೂ ಕೊಂದರು. ಅನ್ಯಾಯ ಮಾಡುವವನ ಹೆಸರು ನಮ್ಮ ಹೆಸರಿನಂತೆಯೇ ಇದ್ದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ಹೆತ್ತವರ, ಬಂಧುಗಳ ವಿರುದ್ಧವಾದರೂ ಸರಿಯೇ, ನ್ಯಾಯದ ಪರ ನಿಲ್ಲಬೇಕೆಂದು ಸೂರಃ ಅನ್ನಿಸಾ ನಮಗೆ ಕಲಿಸುತ್ತದೆ. ಕೊಟ್ಟ ಮಾತನ್ನು ಉಳಿಸುವುದೂ, ಹೊತ್ತ ಅಮಾನತನ್ನು ಕಾಪಾಡುವುದೂ ಈಮಾನಿನ ಭಾಗವೆಂದು ಮದ್ರಸದ ಮೊದಲ ತರಗತಿಯ ಮಕ್ಕಳಿಗೂ ಹೇಳಿಕೊಡುತ್ತೇವೆ. ಉಸ್ಮಾನ್ ಅದನ್ನು ನೆಲದಲ್ಲಿ ಮಲಗಿ ತೋರಿಸಿದರು.

ಒಂದು ಮಾತು ಮಾತ್ರ ನೆನಪಿರಲಿ. ಯಾರಿಗೋ ತೋರಿಸುವ ಪ್ರಮಾಣಪತ್ರವಾಗಿ ಈ ಹೆಸರನ್ನು ಮಗನ ಕೈಗೆ ಕೊಡಬೇಡಿ. ಈ ದೇಶ ಅವನದು. ಅದಕ್ಕೆ ಅವನು ಯಾರ ಮುಂದೆಯೂ ಸಾಕ್ಷಿ ತರಬೇಕಾಗಿಲ್ಲ. ಬಾವಿಗೆ ಬಿದ್ದ ಮಗುವನ್ನು ಕಂಡಾಗ ಹಾರುವ ಮನಸ್ಸು, ನೆರೆಯವನ ಹಸಿವಿಗೆ ತನ್ನ ತಟ್ಟೆಯನ್ನು ಸರಿಸುವ ಕೈ, ಆಡಿದ ಮಾತಿಗಾಗಿ ಚಳಿಯನ್ನು ಸಹಿಸುವ ಗಟ್ಟಿತನ ಅವನಲ್ಲಿ ಬರಲಿ ಎಂದು ಈ ಕಥೆಯನ್ನು ಹೇಳಿ.

ಇವತ್ತು ರಾತ್ರಿ ಮಕ್ಕಳನ್ನು ಮಲಗಿಸುವಾಗ ಹೇಳುತ್ತೀರಲ್ಲವೇ?