ಗಂಟುನೋವಿಗೆ ಬಿಡಬೇಕಾದುದು ಮೊಸರಲ್ಲ, ಸಕ್ಕರೆ

ಐವತ್ತು ದಾಟಿದ ಇಬ್ಬರು ಮುಂಬಯಿ ಕನ್ನಡಿಗರು ಸಂಘದ ಕಾರ್ಯಕ್ರಮದಲ್ಲಿ ಎದುರಾದರೆ, ಮಕ್ಕಳ ವಿಚಾರ ಕೇಳಿದ ಬಳಿಕ ಬರುವ ಮಾತು ಗಂಟುನೋವಿನದ್ದು. ಇದರಲ್ಲಿ ಆಶ್ಚರ್ಯವೇನಿಲ್ಲ. ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ನಿಂತು ದುಡಿದು, ಸಂಜೆ ರಾತ್ರಿಶಾಲೆಗೆ ಓಡಿದವರು ನಮ್ಮಲ್ಲಿ ಅನೇಕರು. ಅದರ ಮೇಲೆ ಲೋಕಲ್ ರೈಲಿನ ಸೇತುವೆಯ ಮೆಟ್ಟಿಲುಗಳು. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ನೀಡಲು ಬ್ಯಾಂಕಿಗೆ ಬರುವ ಪಿಂಚಣಿದಾರರಲ್ಲಿ ನಾಲ್ಕು ಮೆಟ್ಟಿಲಿಗೆ ಗೋಡೆ ಹಿಡಿಯುವವರು ಕಡಿಮೆಯಿಲ್ಲ.

ನೋವು ಬಂದೊಡನೆ ನಮ್ಮ ಮನೆಗಳಲ್ಲಿ ಬೇಳೆಕಾಳು 'ವಾಯು', ಮೊಸರು 'ಶೀತ' ಎಂದು ದೂರವಾಗುತ್ತವೆ. ಚಹಾದ ಸಕ್ಕರೆ, ಸಂಜೆಯ ವಡಾಪಾವ್, ಫರ್ಸಾಣ್ ಮಾತ್ರ ಹಾಗೆಯೇ ಉಳಿಯುತ್ತವೆ. ಬಿಡಬೇಕಾದುದು ಉಳಿದು, ತಿನ್ನಬೇಕಾದುದು ಹೋಗುತ್ತದೆ.

ತೂಕದ ಲೆಕ್ಕ

ವಯಸ್ಸಾದಂತೆ ಹೆಚ್ಚಾಗಿ ಕಾಡುವುದು ಮೊಣಗಂಟಿನ ಸವೆತ. ಸವೆದ ಮೃದ್ವಸ್ಥಿಯನ್ನು ಯಾವ ಆಹಾರವೂ ಮರಳಿ ಬೆಳೆಸದು. ಆದರೆ ಅದರ ಮೇಲಿನ ಭಾರ ಇಳಿಸುವುದು ನಮ್ಮ ಕೈಯಲ್ಲಿದೆ. ಸ್ಥೂಲದೇಹಿಗಳಾದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೇಹದ ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಗಂಟಿನ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರಿಗೆ ಹೆಜ್ಜೆಗೆ 20 ಕಿಲೋ ಉಳಿತಾಯ!

ಇಳಿಸುವುದೆಲ್ಲಿಂದ? ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ತಿಂಗಳಿಗೆ 1,200 ಗ್ರಾಂ ಸಕ್ಕರೆ ಚಹಾದಲ್ಲೇ ಹೊಟ್ಟೆ ಸೇರುತ್ತದೆ. ಇದನ್ನು ಅರ್ಧ ಮಾಡಲು ಯಾವ ವೈದ್ಯರ ಚೀಟಿಯೂ ಬೇಡ. ಕರಿದ ತಿಂಡಿಗೂ ಇದೇ ಮಾತು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿಗಳಿವೆ.

ಊರಿನ ಊಟ ಬಿಡಬೇಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಮಹಿಳೆಯರಿಗೆ 1,200. ನೂರು ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ, ಬಿಳಿ ಅಕ್ಕಿಯಲ್ಲಿರುವುದು ಸುಮಾರು ಹತ್ತು ಮಾತ್ರ. ಇಲ್ಲಿನ ಅಂಗಡಿಗಳಲ್ಲಿ 'ನಾಚ್ಣಿ' ಎಂದು ಕೇಳಿದರೆ ರಾಗಿ ಸಿಗುತ್ತದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು ಕೂಡಾ ಮೂಳೆಗೆ ಆಧಾರ.

ಗಂಟನ್ನು ಹಿಡಿದಿಡುವ ತೊಡೆಯ ಸ್ನಾಯುಗಳಿಗೆ ಪ್ರೋಟೀನ್ ಬೇಕು. ನೂರು ಗ್ರಾಂ ಹುರುಳಿಯಲ್ಲಿ ಅದು ಸುಮಾರು 22 ಗ್ರಾಂ. 'ವಾಯು' ಎಂದು ಬೇಳೆಕಾಳು ಬಿಟ್ಟರೆ ಸ್ನಾಯು ಸೊರಗುತ್ತದೆ, ನೋವು ಹೆಚ್ಚುತ್ತದೆ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಉತ್ತಮ. ಕರಿಯುವ ಬದಲು ಸಾರು ಮಾಡಿ. ಆದರೆ ಯೂರಿಕ್ ಆಮ್ಲ ಹೆಚ್ಚಿರುವವರಿಗೆ ಈ ಮೀನುಗಳೂ, ಲಿವರ್‌ನಂಥ ಮಾಂಸವೂ, ಬಿಯರೂ ತೊಂದರೆ ಕೊಡುತ್ತವೆ. ಹೆಬ್ಬೆರಳಿನ ಗಂಟು ಒಮ್ಮೆಲೆ ಕೆಂಪಾಗಿ ಊದಿಕೊಂಡರೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಗುಳಿಗೆಯ ಬಗ್ಗೆ ಎಚ್ಚರ

ಮೆಡಿಕಲ್ ಅಂಗಡಿಯಿಂದ ತಾವೇ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಇದರಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಪ್ರಕರಣಗಳೂ ಇವೆ. ಬೆಳಿಗ್ಗೆ ಬೆರಳ ಗಂಟುಗಳು ಅರ್ಧ ತಾಸಿಗೂ ಹೆಚ್ಚು ಹೊತ್ತು ಬಿಗಿದುಕೊಂಡು, ಊತವೂ ಇದ್ದರೆ ಅದು ಬರೇ ಸವೆತವಲ್ಲದಿರಬಹುದು. ತಡಮಾಡದೆ ತಜ್ಞರಿಗೆ ತೋರಿಸಬೇಕು.

ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸಿ, ಇಳಿಸಿ. ಎರಡೂ ಕಾಲಿಗೆ ಹತ್ತು ಹತ್ತು ಬಾರಿ ಮಾಡಿ. ಟಿವಿ ನೋಡುತ್ತಲೇ ಮಾಡಬಹುದಾದ ವ್ಯಾಯಾಮವಿದು.

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ನಮ್ಮ ಸಂಘ-ಸಂಸ್ಥೆಗಳು ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳ ಜೊತೆಗೆ ಅಂದು ಒಂದು ತೂಕದ ಯಂತ್ರ, ಒಬ್ಬ ಫಿಸಿಯೋಥೆರಪಿಸ್ಟ್ ಇರುವ ಶಿಬಿರ ನಡೆಸಬಾರದೇಕೆ? ಮಹಿಳಾ ವಿಭಾಗದವರು ಮನಸ್ಸು ಮಾಡಿದರೆ ಆ ದಿನದ ಉಪಾಹಾರಕ್ಕೆ ರಾಗಿ ಅಂಬಲಿ, ಹುರುಳಿ ಉಸಲಿ ಕಷ್ಟವಲ್ಲ. ಚಹಾ ಸಕ್ಕರೆ ಕಡಿಮೆಯದ್ದಾಗಿರಲಿ.