ಹುಣಸೆ ಬೀಜದಲ್ಲಿ 7402

ಕಳೆದ ಭಾನುವಾರ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ, ಆಮೇಲೆ ಕೆಲಸದಲ್ಲಿದ್ದಾಗ ನಾನು ಕೂಡಿಟ್ಟ ಫೋಟೊಗಳು ಅದರಲ್ಲಿದ್ದವು. ಐದನೇ ತರಗತಿಯ ಮೊಮ್ಮಗಳು ಒಂದನ್ನು ಎತ್ತಿಕೊಂಡು, “ಅಜ್ಜಾ, ಇದು ವಿಮಾನದ್ದಾ?” ಎಂದು ಕೇಳಿದಳು.

ವಿಮಾನದ್ದಲ್ಲ, ಮಿನಿಕಂಪ್ಯೂಟರಿನ ಮುಂಭಾಗದ ಫಲಕ. ಕೋಣೆ ತುಂಬುವ ಕಂಪ್ಯೂಟರ್‌ಗಳ ಕಾಲದಲ್ಲಿ ಅದು ಬೀರುವಿನಷ್ಟೇ ಜಾಗ ಬೇಡುತ್ತಿತ್ತು. ಅದಕ್ಕೇ ‘ಮಿನಿ’. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1965ರಲ್ಲಿ ತಂದ ಪಿಡಿಪಿ-8ರ ಬೆಲೆ ಸುಮಾರು 18,000 ಡಾಲರ್. ಆಗ ಅದೇ ಅಗ್ಗ!

“ಇವನ್ನು ವಿಂಗಡಿಸೋಣವೇ?” ಎಂದೆ. ಅವಳು ಬಣ್ಣ ನೋಡಿ ಜೋಡಿಸತೊಡಗಿದಳು. “ಬಣ್ಣ ಬೇಡ ಪುಟ್ಟಿ. ಯಂತ್ರದ ಜೊತೆ ಮನುಷ್ಯ ಹೇಗೆ ಮಾತಾಡುತ್ತಿದ್ದ ಅಂತ ನೋಡು.” ಮೂರು ಗುಂಪುಗಳಾದವು.

ಮೊದಲನೆಯದು ದೀಪ ಮತ್ತು ಸ್ವಿಚ್ಚುಗಳ ಫಲಕ. ಪಿಡಿಪಿ-8ರಲ್ಲಿ ಸಂಖ್ಯೆ ತುಂಬಲು 12 ಸ್ವಿಚ್ಚುಗಳು. ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಕಾಗದದ ಪಟ್ಟಿಯಿಂದ ಪ್ರೋಗ್ರಾಂ ಓದಿಸಬೇಕಾದರೂ, ಓದುವುದು ಹೇಗೆಂದು ಯಂತ್ರಕ್ಕೆ ಮೊದಲು ಕಲಿಸಬೇಕು. ಅದಕ್ಕಾಗಿ ಸುಮಾರು 16 ಸಂಖ್ಯೆಗಳನ್ನು ಒಂದೊಂದಾಗಿ ಸ್ವಿಚ್ಚಿನಲ್ಲೇ ತುಂಬುತ್ತಿದ್ದೆವು.

ಮೊಮ್ಮಗಳು 1975ರ ಪಿಡಿಪಿ-11/70ರ ಫೋಟೊ ಹಿಡಿದು, “ಬಣ್ಣ ಬೇಡ ಅಂದೆಯಲ್ಲ, ಇಲ್ಲಿ ಮೂರು ಸ್ವಿಚ್ಚಿಗೊಮ್ಮೆ ಬಣ್ಣ ಬದಲಾಗಿದೆ ನೋಡು!” ಎಂದಳು. ಸೋತೆ! ಮೂರರ ಗುಂಪಿನಲ್ಲಿ ಎಡದ್ದಕ್ಕೆ 4, ನಡುವಿನದಕ್ಕೆ 2, ಬಲದ್ದಕ್ಕೆ 1. ಮೇಲಿರುವುದನ್ನು ಕೂಡಿಸಿದರೆ 0ಯಿಂದ 7ರವರೆಗಿನ ಒಂದು ಅಂಕಿ ಬರುತ್ತದೆ.

ಚೌಕಾಬಾರ ಆಡಲು ಒಂದು ಬದಿ ಉಜ್ಜಿಟ್ಟಿದ್ದ ಹುಣಸೆ ಬೀಜಗಳನ್ನು ತಂದಳು. ಬಿಳಿ ಬದಿ ಒಂದು, ಕಪ್ಪು ಬದಿ ಸೊನ್ನೆ. ಹನ್ನೆರಡು ಬೀಜಗಳಲ್ಲಿ 7402 ಜೋಡಿಸಿ ತೋರಿಸಿದೆ. ಪಿಡಿಪಿ-8ಕ್ಕೆ ಅದರ ಅರ್ಥ ‘ನಿಲ್ಲು’.

ಎರಡನೆಯದು ಅಂಕಿಗಳ ಫಲಕ. ಪಿಡಿಪಿ-11/34ರ ಒಂದು ಬಗೆಯಲ್ಲಿ ಕ್ಯಾಲ್ಕುಲೇಟರಿನಂತೆ ಗುಂಡಿಗಳು, ಹೊಳೆಯುವ ಆರು ಅಂಕಿಗಳು. ಕೂಡಿಸುವ ಕೆಲಸ ಯಂತ್ರದ್ದೇ.

ಮೂರನೆಯದು ಹೆಚ್ಚುಕಡಿಮೆ ಬೋಳು. ಪಿಡಿಪಿ-11/03ರಲ್ಲಿ ಮೂರೇ ಸ್ವಿಚ್ಚು. ಆರಂಭದ ಪ್ರೋಗ್ರಾಂ ಅಳಿಯದ ಚಿಪ್ಪಿನೊಳಗೇ ಕೂರುವಂತಾದ ಮೇಲೆ ಕೈಯಿಂದ ತುಂಬುವ ಅಗತ್ಯ ಉಳಿಯಲಿಲ್ಲ. ಟರ್ಮಿನಲ್‌ನಲ್ಲಿ ಟೈಪ್ ಮಾಡಿದರೆ ಸಾಕು. 1977ರ ವ್ಯಾಕ್ಸ್-11/780ರಲ್ಲಂತೂ ದೊಡ್ಡ ಯಂತ್ರವನ್ನು ಎಬ್ಬಿಸಲು ಒಳಗೊಂದು ಪುಟ್ಟ ಕಂಪ್ಯೂಟರೇ ಇತ್ತು.

“ಈ ಬೀಗದ ಕೈ ಯಾಕೆ?” ಪಿಡಿಪಿ-8/ಇ ಫೋಟೊ ತೋರಿಸಿದಳು.

ಆ ಕಥೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಗೆಳೆಯನ ಪ್ರಯೋಗದ ಅಳತೆಗಳನ್ನು ಅದು ದಾಖಲಿಸುತ್ತಿತ್ತು. ಕಾಯುವ ಪಾಳಿ ನನ್ನದು. ಬೀಗದ ಕೈಯನ್ನು ‘ಲಾಕ್’ಗೆ ತಿರುಗಿಸಿದ್ದರೆ ಸ್ವಿಚ್ಚು ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ತಿರುಗಿಸದೆ ಕಾಫಿಗೆ ಎದ್ದೆ. ಕೋಟಿನ ತೋಳು ‘ಹಾಲ್ಟ್’ ಸ್ವಿಚ್ಚಿಗೆ ತಗುಲಿದ್ದು ತಿಳಿಯಲೇ ಇಲ್ಲ. ವಾಪಸು ಬಂದಾಗ ಕುಣಿಯುತ್ತಿದ್ದ ದೀಪಗಳು ಸ್ತಬ್ಧ!

ಸ್ವಿಚ್ಚು ಸರಿಮಾಡಿ ‘ಕಂಟಿನ್ಯೂ’ ತಟ್ಟಿದರೆ ಮತ್ತೆ ಓಡುತ್ತದೆ, ಯಾರಿಗೂ ಗೊತ್ತಾಗದು. ಕೈ ಅಲ್ಲಿಯವರೆಗೂ ಹೋಯಿತು. ಆದರೆ ನಡುವಿನ ಅಳತೆಗಳೇ ಇಲ್ಲದೆ ಅವನ ಲೆಕ್ಕ ತಪ್ಪಾಗುತ್ತಿತ್ತು. ಬೆಳಗ್ಗೆ ಹೇಳಿಬಿಟ್ಟೆ. ಎರಡು ದಿನ ಮಾತು ಬಿಟ್ಟ. ಮೂರನೇ ದಿನ ತಾನೇ ಬಂದು, ಈ ಸಲ ಬೀಗ ನೀನೇ ಹಾಕು ಎಂದ.

ಆ ರಾತ್ರಿ ಊಟಕ್ಕೆ ಕೂತಾಗಲೂ ನನ್ನ ಕಥೆ ಮುಗಿದಿರಲಿಲ್ಲ. ತಟ್ಟೆಯ ಪಕ್ಕ ಪುಟ್ಟ ಕೈಯೊಂದು ಸದ್ದಿಲ್ಲದೆ ಬೀಜ ಜೋಡಿಸಿತು: ಮೂರು ಬಿಳಿ, ಒಂದು ಬಿಳಿ, ಎರಡು ಕಪ್ಪು, ಮೂರು ಕಪ್ಪು, ನಡುವೆ ಮಾತ್ರ ಬಿಳಿ.

ಓದಿಕೊಂಡೆ. ಬಾಯಿ ಮುಚ್ಚಿ ಅನ್ನ ಕಲಸಿದೆ.