ದಾರದುಂಡೆ, ಜೇಡಿಮಣ್ಣು ಮತ್ತು ಡೈನೋಸಾರ್

ನಾಲ್ಕೈದು ವರ್ಷದ ಮಕ್ಕಳಿಗೆ ಡೈನೋಸಾರ್ ಹುಚ್ಚು ಹಿಡಿಯುವುದು ಹೊಸತೇನಲ್ಲ. ತನ್ನ ಊರಿನ ಹೆಸರನ್ನೇ ನೆಟ್ಟಗೆ ಹೇಳಲಾರದ ಮಗು ‘ಟೈರನೋಸಾರಸ್’ ಎಂದು ತಡವರಿಸದೆ ಹೇಳುತ್ತದೆ. ಮನೆಮಂದಿಗೆ ಹಿಗ್ಗೋ ಹಿಗ್ಗು. ಬಂದ ನೆಂಟರ ಮುಂದೆಲ್ಲ ಹೇಳಿಸುತ್ತಾರೆ. ಆದರೆ ಒಂದು ದಿನ ಅದೇ ಮಗು ‘ಅಮ್ಮಾ, ನೀನು ಡೈನೋಸಾರ್ ನೋಡಿದ್ದೀಯಾ?’ ಎಂದು ಕೇಳುತ್ತದೆ. ಇಲ್ಲವೆಂದರೆ, ‘ಮತ್ತೆ ಇತ್ತು ಅಂತ ಹೇಗೆ ಗೊತ್ತಾಯಿತು?’ ಎನ್ನುತ್ತದೆ. ನಿಜವಾದ ಪಾಠ ಶುರುವಾಗುವುದು ಈ ಎರಡನೆಯ ಪ್ರಶ್ನೆಯಿಂದ.

‘ಪುಸ್ತಕದಲ್ಲಿ ಬರೆದಿದೆ, ಸುಮ್ಮನಿರು’ ಎಂದುಬಿಟ್ಟರೆ ಡೈನೋಸಾರ್ ಕೂಡ ಅಜ್ಜಿಕಥೆಯ ರಾಕ್ಷಸನ ಸಾಲಿಗೆ ಸೇರಿಹೋಗುತ್ತದೆ. ರಾಕ್ಷಸನ ಕಥೆಗೆ ಅದರದೇ ಬೆಲೆಯಿದೆ. ಆದರೆ ಕೇಳಿ ನಂಬುವುದು ಬೇರೆ, ಕುರುಹು ನೋಡಿ ತಿಳಿಯುವುದು ಬೇರೆ. ಈ ವ್ಯತ್ಯಾಸವನ್ನು ಎಳೆಯ ಮನಸ್ಸಿಗೆ ಮುಟ್ಟಿಸಲು ಡೈನೋಸಾರ್‌ಗಿಂತ ಒಳ್ಳೆಯ ನೆಪ ಸಿಗಲಾರದು. ಮಗುವಿಗೆ ಮನೆಯಲ್ಲೇ ಪಾಠ ಹೇಳುವವರಾಗಲಿ, ಶಾಲೆಯ ರಜೆಯಲ್ಲಿ ಆಡಿಸುವವರಾಗಲಿ, ಇದಕ್ಕಾಗಿ ದುಬಾರಿ ಆಟಿಕೆ ಕೊಳ್ಳಬೇಕಿಲ್ಲ. ಒಂದು ದಾರದುಂಡೆ, ಒಂದು ಮುದ್ದೆ ಜೇಡಿಮಣ್ಣು, ಒಂದು ಬಟ್ಟಲು ರಂಗೋಲಿ ಪುಡಿ ಸಾಕು.

ಮೊದಲು ದಾರ. ‘ಕೋಟಿ ವರ್ಷ’ ಎಂಬುದು ಮಗುವಿಗಿರಲಿ, ದೊಡ್ಡವರಿಗೂ ಬರಿಯ ಮಾತು. ಅದನ್ನು ಕೈಗೆ ಸಿಗುವ ಅಳತೆಯಾಗಿ ಮಾಡಬೇಕು. 10 ಲಕ್ಷ ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ದಾರದ ತುದಿಯೇ ‘ಇವತ್ತು’. ಅಲ್ಲಿಂದ 66 ಸೆಂಟಿಮೀಟರಿಗೆ ಒಂದು ಗಂಟು ಹಾಕಿ. ದೈತ್ಯ ಡೈನೋಸಾರ್‌ಗಳು ಅಳಿದದ್ದು ಆಗ, ಎಂದರೆ 6.6 ಕೋಟಿ ವರ್ಷಗಳ ಹಿಂದೆ. 2 ಮೀಟರ್ 30 ಸೆಂಟಿಮೀಟರಿಗೆ ಇನ್ನೊಂದು ಗಂಟು. ಅವು ಮೊದಲು ಕಾಣಿಸಿಕೊಂಡದ್ದು ಸುಮಾರು ಆಗ. ಭೂಮಿ ಹುಟ್ಟಿದ ಗಂಟು ಹಾಕಬೇಕಾದರೆ ದಾರ ಹಿಡಿದು ಬೀದಿಗೇ ಇಳಿಯಬೇಕು, ಏಕೆಂದರೆ ಅದು 45 ಮೀಟರ್ ಆಚೆಗಿದೆ. ಹಾಗಾದರೆ ಮನುಷ್ಯ ಎಲ್ಲಿ? ನಮ್ಮ ಜಾತಿ ಹುಟ್ಟಿ ಸುಮಾರು 3 ಲಕ್ಷ ವರ್ಷ. ದಾರದ ಮೇಲೆ ಅದು 3 ಮಿಲಿಮೀಟರ್, ಅರ್ಧ ಅಕ್ಕಿಕಾಳಿನಷ್ಟು. ಅಲ್ಲಿ ಗಂಟು ಹಾಕಲೂ ಜಾಗವಿಲ್ಲ! ಡೈನೋಸಾರ್ ಬೆನ್ನೇರಿದ ಮನುಷ್ಯನ ಚಿತ್ರ ಎಲ್ಲಿ ಕಂಡರೂ ಆ ಮಗು ಮುಂದೆ ಮೋಸ ಹೋಗುವುದಿಲ್ಲ.

ಎರಡನೆಯದು ಜೇಡಿಮಣ್ಣು. ಅದನ್ನು ರೊಟ್ಟಿಯಂತೆ ತಟ್ಟಿ, ಅದರ ಮೇಲೊಂದು ಎಲೆಯನ್ನೋ ಶಂಖವನ್ನೋ ಒತ್ತಿ ತೆಗೆಯಲು ಹೇಳಿ. ವಸ್ತು ಹೋಯಿತು, ಗುರುತು ಉಳಿಯಿತು. ಪಳೆಯುಳಿಕೆಗಳಲ್ಲಿ ಒಂದು ಬಗೆ ಹೀಗೆಯೇ ಉಂಟಾದದ್ದು. ಮೂಳೆಗಳದು ಇನ್ನಷ್ಟು ನಿಧಾನದ ಕೆಲಸ. ಸತ್ತ ಪ್ರಾಣಿಯನ್ನು ಹೊಳೆಯ ಹೂಳು ಮುಚ್ಚುತ್ತದೆ, ಮಾಂಸ ಕೊಳೆಯುತ್ತದೆ, ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯೊಳಗೆ ಇಳಿದು ಅದನ್ನು ಕಲ್ಲಾಗಿಸುತ್ತವೆ. ಹೂಳೂ ಒತ್ತಡಕ್ಕೆ ಸಿಕ್ಕಿ ಬಂಡೆಯಾಗುತ್ತದೆ. ಮಣ್ಣು ಏನನ್ನು ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಮಗುವಿಗೆ ಕೇಳಬೇಕು. ಎಲೆಯ ಹಸಿರು ಉಳಿಯಿತೆ? ವಾಸನೆ? ಡೈನೋಸಾರ್‌ನ ಕೂಗೂ ಹಾಗೆಯೇ ಹೋಯಿತು. ಬಣ್ಣವೂ ಬಹುಪಾಲು ಹೋಯಿತು. ಸಿನಿಮಾದಲ್ಲಿ ಕೇಳುವ ಗರ್ಜನೆ ಊಹೆಯೇ ಹೊರತು ಸಾಕ್ಷಿಯಲ್ಲ.

ಮೂರನೆಯದು ರಂಗೋಲಿ. ಗೋದಾವರಿ ಕಣಿವೆಯಲ್ಲಿ ಸಿಕ್ಕ ಡೈನೋಸಾರ್ ಒಂದಕ್ಕೆ 1975ರಲ್ಲಿ ‘ಬಾರಾಪಾಸಾರಸ್ ಟಾಗೋರಿ’ ಎಂದು ಹೆಸರಿಟ್ಟರು. ಬಂಗಾಳಿಯಲ್ಲಿ ‘ಬರ ಪಾ’ ಎಂದರೆ ದೊಡ್ಡ ಕಾಲು; ಟಾಗೋರಿ ಎಂದದ್ದು ಕವಿ ರವೀಂದ್ರನಾಥ ಟಾಗೋರರ ನೆನಪಿಗೆ. ಅದರ ಅಸ್ಥಿಪಂಜರವನ್ನು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಜೋಡಿಸಿ ನಿಲ್ಲಿಸಿದ್ದಾರೆ. ಇದರ ಉದ್ದ 14 ಮೀಟರಿಗೆ ಕಡಿಮೆಯಿಲ್ಲವೆಂದು ಅಂದಾಜು. ಹೊಸಲಿನಿಂದ ಅಷ್ಟುದ್ದ ಗೆರೆ ಎಳೆದು, ಅದರ ಪಕ್ಕದಲ್ಲಿ ಮಗುವನ್ನು ಮಲಗಿಸಿ, ಎಷ್ಟು ಸಲ ಮಲಗಿದರೆ ಬಾಲದ ತುದಿ ಮುಟ್ಟೀತು ಎಂದು ಎಣಿಸಿ. ‘ಬಹಳ ದೊಡ್ಡದು’ ಎಂದು ನೂರು ಸಲ ಹೇಳಿದರೂ ಆಗದ ಕೆಲಸ ಇದರಿಂದ ಆಗುತ್ತದೆ.

ಇನ್ನು ಒಂದು ಆಟ ಉಳಿದಿದೆ, ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಮಗುವಿಗೆ ಗೊತ್ತಿಲ್ಲದ ಪ್ರಾಣಿಯೊಂದರ ಚಿತ್ರವನ್ನು ಚೂರುಚೂರಾಗಿ ಕತ್ತರಿಸಿ, ನಾಲ್ಕಾರು ಚೂರುಗಳನ್ನು ಬಚ್ಚಿಟ್ಟು, ಉಳಿದುದನ್ನು ಜೋಡಿಸಲು ಕೊಡಿ. ಮಗು ತಪ್ಪುತ್ತದೆ. ತಪ್ಪಲಿ. ವಿಜ್ಞಾನಿಗಳೂ ಹೀಗೆಯೇ ತಪ್ಪಿದ್ದಾರೆ. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ‘ಇಗ್ವಾನೋಡಾನ್’ ಎಂಬ ಪ್ರಾಣಿಗೆ ಹೆಸರಿಟ್ಟಾಗ ಅವನ ಕೈಲಿದ್ದುದು ಕೆಲವು ಹಲ್ಲುಗಳು. ಆಮೇಲೆ ಸಿಕ್ಕ ಚೂಪಾದ ಮೂಳೆಯೊಂದನ್ನು ಮೂಗಿನ ಮೇಲಿನ ಕೊಂಬೆಂದು ಬಗೆದರು. 1878ರಲ್ಲಿ ಬೆಲ್ಜಿಯಂನ ಕಲ್ಲಿದ್ದಲ ಗಣಿಯಲ್ಲಿ ಇಡೀ ಅಸ್ಥಿಪಂಜರಗಳೇ ಸಿಕ್ಕಾಗ ಗುಟ್ಟು ರಟ್ಟಾಯಿತು. ಅದು ಕೊಂಬಲ್ಲ, ಹೆಬ್ಬೆರಳು!

ನಮ್ಮ ದೇಶದ್ದೇ ಇನ್ನೂ ಸೊಗಸಾದ ನಿದರ್ಶನವಿದೆ. 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಗುಜರಾತಿನ ಢೋಲಿ ಡುಂಗ್ರಿಯಲ್ಲಿ ಒಂದು ಕಲ್ಲು ದೊರೆಯಿತು. ಅದರಲ್ಲಿ ಡೈನೋಸಾರ್ ಮೊಟ್ಟೆಗಳು, ಜೊತೆಗೆ ಮರಿಯ ಎಳೆಮೂಳೆಗಳು. 2001ರಲ್ಲಿ ಅದೇ ಕಲ್ಲನ್ನು ಮತ್ತೆ ನೋಡಿದ ಅಮೆರಿಕದ ಜೆಫ್ರಿ ವಿಲ್ಸನ್ ಅವರಿಗೆ ಕೆಲವು ಮೂಳೆಗಳು ಮರಿಯದ್ದಲ್ಲ, ಹಾವಿನದು ಎಂದು ಹೊಳೆಯಿತು. ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿದ್ದ, ಸುಮಾರು ಮೂರೂವರೆ ಮೀಟರ್ ಉದ್ದದ ಹಾವು! ಇಬ್ಬರೂ ಇತರರೊಡನೆ ಸೇರಿ 2010ರಲ್ಲಿ ಇದನ್ನು ಪ್ರಕಟಿಸಿದರು. ಕಲ್ಲು ಬದಲಾಗಲಿಲ್ಲ, ನೋಟ ಬದಲಾಯಿತು. ಮೊದಲು ತಿಳಿದದ್ದನ್ನು ತಿದ್ದಿಕೊಳ್ಳಲು ಯಾರೂ ನಾಚಲಿಲ್ಲ. ಇದನ್ನು ಕೇಳಿದ ಮಗುವಿಗೆ ತನ್ನ ತಪ್ಪು ಜೋಡಣೆಯ ಬಗ್ಗೆ ಅಳು ಬರಬೇಕಿಲ್ಲ.

‘ನಮ್ಮೂರಲ್ಲಿ ಅಗೆದರೆ ಸಿಗುತ್ತದೆಯೇ?’ ಎಂದು ಮಗು ಕೇಳದಿರದು. ಉತ್ತರಕ್ಕೆ ಮತ್ತೆ ದಾರವನ್ನೇ ಬಿಚ್ಚಬೇಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ದಾರದಲ್ಲಿ ಅದು 30 ಮೀಟರ್ ದೂರ. ಆಗಿನ್ನೂ ಮೂಳೆಯಿರುವ ಜೀವಿಯೇ ಇರಲಿಲ್ಲ. ಆದರೆ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲಿನ ಕಥೆ ಬೇರೆ. ಅದು ದಖ್ಖನ್ನಿನ ಮೇಲೆ ಹರಿದ ಲಾವಾರಸ, ಅದರ ಗಂಟು ಬೀಳುವುದು 66 ಸೆಂಟಿಮೀಟರಿನ ಆಸುಪಾಸಿನಲ್ಲೇ. ಡೈನೋಸಾರ್‌ಗಳ ಅಳಿವಿಗೆ ಮೆಕ್ಸಿಕೋ ಬಳಿ ಅಪ್ಪಳಿಸಿದ ಕ್ಷುದ್ರಗ್ರಹವೇ ಮುಖ್ಯ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳ ಮತ. ಈ ಲಾವಾರಸದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಆ ಕಲ್ಲು ಶಿಥಿಲಗೊಂಡು ಆದದ್ದೇ ಇಂದು ಬಿಳಿಜೋಳ ಬೆಳೆಯುವ ಎರೆಮಣ್ಣು. ಡೈನೋಸಾರ್‌ಗಳ ಕೊನೆಗಾಲದ ಬೆಂಕಿಯಿಂದ ನಮ್ಮ ರೊಟ್ಟಿಯ ತನಕ ಒಂದೇ ದಾರ.

ಹತ್ತು ವರ್ಷವಾಗುವ ಹೊತ್ತಿಗೆ ಮಗು ಆ ಉದ್ದುದ್ದ ಹೆಸರುಗಳನ್ನು ಬಹುಶಃ ಮರೆತೀತು. ಮರೆತರೆ ನಷ್ಟವಿಲ್ಲ. ಯಾರು ಏನೇ ಹೇಳಿದರೂ ‘ಹೇಗೆ ಗೊತ್ತಾಯಿತು?’ ಎಂದು ವಿನಯದಿಂದ ಕೇಳುವ ಅಭ್ಯಾಸ ಮಾತ್ರ ಉಳಿಯಬೇಕು. ಅದು ಉಳಿಯುವುದು ಮೊದಲ ಸಲ ಕೇಳಿದಾಗ ನಾವು ಗದರಿದೆವೋ, ದಾರದುಂಡೆ ಹುಡುಕಲು ಎದ್ದೆವೋ ಎಂಬುದರ ಮೇಲೆ.